ಮೂವತ್ತೈದರ ಒಳಗಿನವರ ಬಸ್ಸು

ಕತಾರಿನ ಅಲ್ ಖೋರ್‌ನಿಂದ ರಾಸ್ ಲಫ್ಫಾನ್‌ಗೆ ಹೋಗುವ ನಮ್ಮ ಕಂಪನಿ ಬಸ್ಸಿನ ಸೀಟುಗಳಿಗೆ ನಂಬರು ಇರಲಿಲ್ಲ, ಆದರೆ ಒಡೆಯರಿದ್ದರು. ಯಾರೂ ಬರೆದಿಟ್ಟ ನಿಯಮವಲ್ಲ. ಒಬ್ಬರು ಕೆಲಸ ಬಿಟ್ಟು ಫೈನಲ್ ಆಗಿ ಊರಿಗೆ ಹೋದರೆ ಮಾತ್ರ ಅವರ ಸೀಟು ಖಾಲಿ. ಅಲ್ಲಿಯವರೆಗೆ ಹೊಸಬರು ಹಿಂದುಗಡೆ ಎಂಜಿನ್ನಿನ ಬಿಸಿಯಲ್ಲಿ ಬೇಯಬೇಕು. ಎಡಬದಿಯ ಕಿಟಕಿಯ ಸೀಟನ್ನು ನಾನು ಹಾಗೆಯೇ ಕಾದು ಪಡೆದವಳು. ಬೆಳಿಗ್ಗೆ ಬಸ್ಸು ಉತ್ತರಕ್ಕೆ ಹೋಗುವಾಗ ಬಿಸಿಲು ಬಲಕ್ಕೆ, ಸಂಜೆ ದಕ್ಷಿಣಕ್ಕೆ ಮರಳುವಾಗಲೂ ಬಲಕ್ಕೆ. ಎಡಬದಿಯಲ್ಲಿ ಕೂತವರಿಗೆ ವರ್ಷವಿಡೀ ನೆರಳು. ಇದಕ್ಕಿಂತ ದೊಡ್ಡ ಬಡ್ತಿ ಆ ಕಂಪನಿಯಲ್ಲಿ ನನಗೆ ಸಿಗಲಿಲ್ಲ.

ನಾನು ಉಡುಪಿ ಕಡೆಯವಳು. ಅಪ್ಪ ತೀರಿಕೊಂಡ ಮೇಲೆ, ಇಪ್ಪತ್ತರ ಆಚೆ ಈಚೆ ಇರುವಾಗ ಕತಾರಿಗೆ ಬಂದೆ. ಕಂಪನಿಯ ನಕ್ಷೆಗಳನ್ನು, ಕಾಗದಪತ್ರಗಳನ್ನು ಜೋಡಿಸಿಡುವ ಕೆಲಸ. ಮದುವೆ ಆಗಲಿಲ್ಲ, ಆಗಬಾರದೆಂದು ಹಟವೇನೂ ಇರಲಿಲ್ಲ, ಪ್ರತಿ ಸಲವೂ ಅದಕ್ಕಿಂತ ಮೊದಲು ಮುಗಿಸಬೇಕಾದ ಏನಾದರೊಂದು ಇರುತ್ತಿತ್ತು. ನಮ್ಮ ಪೈಕಿಯವರಿಗೆ ಗಲ್ಫಿನ ರಜೆ ಎಂದರೆ ಊರು, ಅದರಲ್ಲಿ ಎರಡು ಮಾತಿಲ್ಲ. ಒಂದು ರಜೆ ತಮ್ಮನ ಮದುವೆಗೆ, ಒಂದು ತಂಗಿಯ ಬಾಣಂತನಕ್ಕೆ, ಇನ್ನೊಂದು ಮನೆಗೆ ತಾರಸಿ ಹಾಕಿಸಲಿಕ್ಕೆ. ಹಾಲಿನ ಪುಡಿ, ಸೆಂಟು, ಚಾಕಲೇಟು ತುಂಬಿ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ ಮನೆ ತಲುಪಿದ ಕೂಡಲೇ ಎಲ್ಲರೂ ಅದರ ಸುತ್ತ ಕೂರುತ್ತಿದ್ದರು. ಹಗ್ಗ ಕತ್ತರಿಸಿ ಆದ ಮೇಲೆ ಯಾರಾದರೊಬ್ಬರು ನನ್ನನ್ನು ನೋಡಿ, ಊಟ ಆಯಿತಾ ಎಂದು ಕೇಳುತ್ತಿದ್ದರು. ನಿಜ ಹೇಳಬೇಕೆಂದರೆ ರಜೆಗೆ ಹೋಗುತ್ತಿದ್ದದ್ದು ಪೆಟ್ಟಿಗೆ. ಅದನ್ನು ಹೊತ್ತು ತರುವವಳು ನಾನು.

ದೋಹಾದ ಅಲ್ ಸದ್ದ್‌ನಲ್ಲಿ ಒಂದು ಟ್ರಾವೆಲ್ ಏಜೆನ್ಸಿಯ ಗಾಜಿಗೆ ಅಂಟಿಸಿದ್ದ ಪೋಸ್ಟರನ್ನು ನಾನು ನೋಡಿದ್ದು ಒಂದು ಶುಕ್ರವಾರ ಪೂಜೆ ಮುಗಿಸಿ ಬರುವಾಗ. ವಾರದ ರಜೆ ಶುಕ್ರವಾರವಾದ್ದರಿಂದ ನಾವು ಕ್ರೈಸ್ತರು ಇಗರ್ಜಿಗೆ ಹೋಗುವುದೂ ಅಲ್ಲಿ ಭಾನುವಾರವಲ್ಲ, ಶುಕ್ರವಾರವೇ. ಸ್ಪೇನಿನ ದಕ್ಷಿಣ ಭಾಗವನ್ನು ಬಸ್ಸಿನಲ್ಲಿ ಸುತ್ತಿಸುವ ಪ್ರವಾಸ, ಜೊತೆಗೆ ಗೈಡು, ಹದಿನೆಂಟರಿಂದ ಮೂವತ್ತೈದರವರಿಗೆ ಮಾತ್ರ. ನನಗೆ ಮೂವತ್ತನಾಲ್ಕು ನಡೆಯುತ್ತಿತ್ತು. ಗಾಜಿನಲ್ಲಿ ನನ್ನ ಮುಖವೂ ಪೋಸ್ಟರಿನ ಹುಡುಗಿಯರ ನಗುವೂ ಒಟ್ಟಿಗೆ ಕಾಣುತ್ತಿದ್ದವು. ಎಲ್ಲೋ ಯಾರೋ ಕೂತು ಮಾಡಿದ ಲೆಕ್ಕದಲ್ಲಿ ನಾನಿನ್ನೂ ಯುವಜನ! ನನಗೆ ನಗು ಬಂತು, ಆಮೇಲೆ ದುಃಖವೂ ಬಂತು. ನನಗೂ ಒಂದು ಹರೆಯ ಇದ್ದಿರಬೇಕು, ಯಾವುದೋ ಎರಡು ರಜೆಗಳ ನಡುವೆ ಬಂದು ಹೋಗಿರಬೇಕು. ಅದು ಪೂರ್ತಿ ಮುಗಿಯುವ ಮುಂಚೆ ಒಂದೇ ಒಂದು ರಜೆ, ನನ್ನದೇ ಆದದ್ದು ನನಗೆ ಬೇಕು ಅನಿಸಿತು. ಒಳಗೆ ಹೋದೆ.

ಆ ಕಾಲದಲ್ಲಿ ಕತಾರ್ ಬಿಟ್ಟು ಹೊರಗೆ ಹೋಗಲು ಕಂಪನಿಯ ಅನುಮತಿ ಬೇಕಿತ್ತು. ಅದನ್ನು ಮಾಡಿಸಿಕೊಡುತ್ತಿದ್ದವರು ಕಂಪನಿಯ ಪರವಾಗಿ ಸರ್ಕಾರಿ ಕಚೇರಿಗಳಿಗೆ ಓಡಾಡುವ ಒಬ್ಬ ಹಿರಿಯರು. ನನ್ನ ಮುಖ ಕಂಡೊಡನೆ "ಇಂಡಿಯಾ?" ಎಂದರು. ಸ್ಪೇನ್ ಎಂದೆ. ಕನ್ನಡಕ ಕೆಳಗಿಳಿಸಿ "ಲೇಶ್?" ಎಂದರು. ಯಾಕೆ ಎಂದರ್ಥ. ಅಲ್ಲಿ ಅಣ್ಣನಾ? ಕೆಲಸವಾ? ಕಾಯಿಲೆಯಾ? ಎಲ್ಲಕ್ಕೂ ಮಾಫಿ, ಮಾಫಿ, ಇಲ್ಲ, ಇಲ್ಲ ಎಂದು ತಲೆಯಾಡಿಸಿದೆ. ಸುಮ್ಮನೆ ನೋಡಿ ಬರುತ್ತೇನೆ ಎನ್ನುವುದಕ್ಕೆ ನನ್ನ ಹರಕು ಅರಬಿಯಲ್ಲಿ ಮಾತಿರಲಿಲ್ಲ.

ಅಮ್ಮ ಊರಿನಲ್ಲಿ ತಮ್ಮನ ಸಂಸಾರದ ಜೊತೆಗಿದ್ದರು. ನಮ್ಮ ಮನೆಮಾತು ಕೊಂಕಣಿ. ಅಮ್ಮ ಫೋನಿನಲ್ಲಿ ಅಂದದ್ದನ್ನು ಕನ್ನಡಕ್ಕಿಳಿಸಿದರೆ ಹೀಗಾಗುತ್ತದೆ.

"ಅಲ್ಲಿ ಅಂಥದ್ದು ಎಂತ ಉಂಟು?"

"ಹಳೇ ಊರುಗಳು, ಇಗರ್ಜಿಗಳು, ಕಡಲು."

"ಕಡಲು ನೋಡ್ಲಿಕ್ಕೆ ಅಷ್ಟು ದೂರ ಹೋಗ್ಬೇಕಾ? ನಮ್ಮ ಮನೆ ಹಿಂದೆ ಇರುವುದು ಎಂತ ಮತ್ತೆ, ಬಾವಿಯಾ?"

ಅಮ್ಮನಿಗೆ ಬೇಸರವಾಗಿತ್ತು. ಆ ರಜೆಗೆ ತಂಗಿಯ ಮಗಳು ಇಗರ್ಜಿಯಲ್ಲಿ ಮೊದಲ ಬಾರಿ ಪರಮಪ್ರಸಾದ ಪಡೆಯುವ ಹಬ್ಬವನ್ನು ಅವರು ಮನಸ್ಸಿನಲ್ಲೇ ಗೊತ್ತುಮಾಡಿ ಆಗಿತ್ತು. ನಾನು ಬರುವುದಿಲ್ಲ ಎಂದೆ. ಅಮ್ಮ "ಆಯ್ತು" ಎಂದು ಫೋನಿಟ್ಟರು. ಬೈದಿದ್ದರೆ ಒಳ್ಳೆಯದಿತ್ತು.

ಮ್ಯಾಡ್ರಿಡ್ಡಿನಲ್ಲಿ ಮೊದಲ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ತಯಾರಾಗಿ ಹೋಟೆಲಿನ ಕೆಳಗೆ ಬಂದೆ. ಡ್ರೈವರು ಬಸ್ಸಿನ ಹೊಟ್ಟೆಗೆ ಚೀಲಗಳನ್ನು ತುಂಬುತ್ತಿದ್ದ. ನಾನು ಹತ್ತಿ, ಎಡಬದಿಯ ಒಂದು ಒಳ್ಳೆಯ ಕಿಟಕಿ ಸೀಟು ನೋಡಿ, ಅದರ ಮೇಲೆ ನನ್ನ ಕರ್ಚೀಫ್ ಹಾಸಿ, ನಿಶ್ಚಿಂತೆಯಿಂದ ಕಾಫಿಗೆ ಹೋದೆ. ತಿರುಗಿ ಬರುವಷ್ಟರಲ್ಲಿ ಬಸ್ಸು ತುಂಬಿತ್ತು. ಗೈಡ್ ಹುಡುಗಿ ಮೈಕಿನ ಮುಂದೆ ನಿಂತು, ನನ್ನ ಕರ್ಚೀಫನ್ನು ತುದಿಬೆರಳಲ್ಲಿ ಎತ್ತಿ ಹಿಡಿದು, ಇದು ಯಾರದು, ಯಾರೋ ಬಿಟ್ಟು ಹೋಗಿದ್ದಾರೆ ಎಂದು ಕೇಳುತ್ತಿದ್ದಳು. ನನ್ನ ಸೀಟಿನಲ್ಲಿ ಆಸ್ಟ್ರೇಲಿಯಾದ ಒಬ್ಬ ಉದ್ದನೆಯ ಹುಡುಗ ಕೂತಿದ್ದ.

ಕರ್ಚೀಫ್ ಹಾಕಿದರೆ ಸೀಟು ನಮ್ಮದು ಎಂದು ನಾನು ವಿವರಿಸಿದೆ. ಉಡುಪಿಯಲ್ಲಾದರೆ ಕರ್ಚೀಫ್ ಬಿದ್ದ ಸೀಟಿನಲ್ಲಿ ಕೂರಲು ಯಾರಿಗಾದರೂ ಎದೆ ಬೇಕು. ಬಸ್ಸಿಗೆ ಬಸ್ಸೇ ನಕ್ಕಿತು. ಕೆಟ್ಟ ನಗುವಲ್ಲ, ಆದರೂ ನನ್ನ ಕಿವಿ ಬಿಸಿಯಾಯಿತು. ಹುಡುಗ ತಲೆಬಾಗಿ ಸೀಟು ಬಿಟ್ಟುಕೊಟ್ಟ. ಇಲ್ಲಿ ದಿನಾ ಎಲ್ಲರೂ ಎರಡು ಸಾಲು ಹಿಂದೆ ಸರಿಯಬೇಕು, ಯಾರಿಗೂ ಕಾಯಂ ಸೀಟಿಲ್ಲ ಎಂದು ಗೈಡು ಹೇಳಿದಳು. ಬಸ್ಸು ಹೊರಟಿತು, ದಕ್ಷಿಣಕ್ಕೆ. ಬೆಳಗಿನ ಸೂರ್ಯ ನೇರ ನನ್ನ ಮುಖಕ್ಕೆ! ಇಷ್ಟು ವರ್ಷ ಬೆಳಿಗ್ಗೆ ಉತ್ತರಕ್ಕೇ ಹೋದವಳಿಗೆ ದಿಕ್ಕು ಬದಲಾದರೆ ನೆರಳೂ ಬದಲಾಗುತ್ತದೆ ಎಂದು ಹೊಳೆದಿರಲಿಲ್ಲ. ಪರದೆ ಎಳೆಯಹೋದೆ. ಪಕ್ಕದಲ್ಲಿದ್ದ ಕೆನಡಾದ ಹುಡುಗಿ ಬೇಡ ಬೇಡ ಎಂದು ಕೈ ಹಿಡಿದಳು. ಅರ್ಧ ವರ್ಷ ತಮ್ಮೂರಲ್ಲಿ ಬಿಸಿಲೇ ಕಾಣುವುದಿಲ್ಲವಂತೆ. ಕಣ್ಣು ಮುಚ್ಚಿ ಮುಖವನ್ನು ಬಿಸಿಲಿಗೆ ಒಡ್ಡಿದಳು. ನಾನು ಅದೇ ಕರ್ಚೀಫನ್ನು ತಲೆಗೆ ಹಾಕಿಕೊಂಡೆ.

ನನ್ನ ಚೀಲದ ವಿಷಯವನ್ನೂ ಹೇಳಬೇಕು. ರಜೆಗೆ ಹೊರಟ ಕೈ ಖಾಲಿ ಇರಲು ಒಪ್ಪಲಿಲ್ಲ. ಯಾರಿಗೆ ಎಂದು ಗೊತ್ತಿಲ್ಲದೆ ದೋಹಾದಿಂದ ಖರ್ಜೂರದ ಪೊಟ್ಟಣಗಳನ್ನು ತುಂಬಿ ತಂದಿದ್ದೆ. ಜೊತೆಗೆ ತಲೆನೋವಿನ ಮುಲಾಮು, ಗಾಯದ ಪಟ್ಟಿ, ಹೊಟ್ಟೆನೋವಿನ ಮಾತ್ರೆ, ಸೂಜಿದಾರ. ಕಾರ್ಡೊಬಾ ತಲುಪುವ ಮೊದಲೇ ಇಡೀ ಬಸ್ಸು ಖರ್ಜೂರ ತಿನ್ನುತ್ತಿತ್ತು. ಅಲ್ಲಿಯ ದೊಡ್ಡ ಇಗರ್ಜಿ ಹಿಂದೆ ಮಸೀದಿಯಾಗಿತ್ತು. ಗೋಡೆಯ ಮೇಲಿನ ಅರಬಿ ಅಕ್ಷರಗಳಲ್ಲಿ ಒಂದೆರಡನ್ನು, ಅಂಗಡಿ ಬೋರ್ಡುಗಳಿಂದ ಕಲಿತ ವಿದ್ಯೆಯಿಂದ, ನಾನು ಗುರುತು ಹಿಡಿದೆ. ಒಳಗೆ ಪೀಠದ ಮುಂದೆ ಅಭ್ಯಾಸದಂತೆ ಶಿಲುಬೆಯ ಗುರುತು ಮಾಡಿದೆ. ಶುಕ್ರವಾರ ಬಾಂಗು ಕೇಳುತ್ತಾ ಪೂಜೆಗೆ ಹೋಗುವ ನನಗೆ ಆ ಜಾಗ ಬಸ್ಸಿನ ಉಳಿದವರಿಗೆ ಅನಿಸಿದಷ್ಟು ವಿಚಿತ್ರ ಅನಿಸಲಿಲ್ಲ. ಇಷ್ಟು ದೂರ ಬಂದು ಪರಿಚಯದವರ ಮನೆಗೇ ಬಂದ ಹಾಗಾಯಿತು.

ಸೆವಿಲ್ಲಾದಲ್ಲಿ ಒಬ್ಬನ ಹಿಮ್ಮಡಿಗೆ ಪಟ್ಟಿ ಕಟ್ಟಿದೆ, ಒಬ್ಬಳ ಹಣೆಗೆ ಮುಲಾಮು ತಿಕ್ಕಿದೆ, ಇನ್ನೊಬ್ಬಳ ಅಂಗಿಯ ಗುಂಡಿ ಹೊಲಿದುಕೊಟ್ಟೆ. ಸಂಜೆ ಎಲ್ಲರೂ ಕುಣಿತ ನೋಡಲು ಹೊರಟಾಗ ಆ ಆಸ್ಟ್ರೇಲಿಯಾದ ಹುಡುಗ ತನ್ನ ಜಾಕೆಟ್ಟನ್ನು ಕಾಯಲೆಂದು ನನ್ನ ತೊಡೆಯ ಮೇಲಿಟ್ಟು, "ಥ್ಯಾಂಕ್ಸ್, ಮಮ್" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಅಲ್ಲಿಂದ ಇಡೀ ಬಸ್ಸಿಗೆ ನಾನು ಮಮ್.

ಒಳಗೆ ಉರಿಯಿತು. ಅವನಿಗೂ ನನಗೂ ಇದ್ದ ಅಂತರ ಎಷ್ಟು ಮಹಾ? ಹರೆಯ ಮುಗಿಯುವ ಮುಂಚೆ ಒಂದು ಸಲ ಎಂದು ಅಷ್ಟು ಹಟ ಹಿಡಿದು ಬಂದವಳು, ಮೂರನೇ ದಿನಕ್ಕೇ ಪರದೇಶದ ಮಕ್ಕಳಿಗೆ ತಾಯಿಯಾಗಿ ಕೂತಿದ್ದೆ. ತಪ್ಪು ಅವರದೂ ಅಲ್ಲ. ಮುಲಾಮಿನ ಡಬ್ಬಿ ತೆರೆದದ್ದು ನಾನೇ ತಾನೆ.

ಮರುದಿನ ಜಿಬ್ರಾಲ್ಟರ್. ಅದು ಬ್ರಿಟನ್ನಿಗೆ ಸೇರಿದ ಜಾಗ, ಬೇರೆ ವೀಸಾ ಬೇಕು. ನನ್ನ ಇಂಡಿಯಾ ಪಾಸ್‌ಪೋರ್ಟಿನಲ್ಲಿ ಸ್ಪೇನಿನದು ಮಾತ್ರ ಇತ್ತು. ಅದೂ ಒಂದೇ ಸಲ ಒಳಬರುವ ವೀಸಾ, ಒಮ್ಮೆ ಗಡಿ ದಾಟಿದರೆ ತಿರುಗಿ ಸ್ಪೇನಿಗೆ ಬಿಡುವುದೂ ಇಲ್ಲ. ಬಸ್ಸಿನವರಲ್ಲಿ ಹೀಗೆ ಉಳಿಯಬೇಕಾದವಳು ನಾನೊಬ್ಬಳೇ. ಗಡಿಯ ಈಚೆ, ಸ್ಪೇನಿನ ಊರಿನಲ್ಲಿ ಬಸ್ಸು ನಿಂತಿತು. ಸಂಜೆಯವರೆಗೆ ಇಲ್ಲೇ ಇರು, ಆಗುತ್ತದಲ್ಲವೇ ಎಂದು ಗೈಡು ಬೇಸರದಿಂದಲೇ ಕೇಳಿದಳು. ಆಗುತ್ತದೆ ಎಂದೆ. ಕಾಯುವುದು ನನಗೆ ಹೊಸತಲ್ಲ.

ಡ್ರೈವರು ಬಸ್ಸಿಗೆ ಬೀಗ ಹಾಕಿ ಹೋದ. ನಾನು ಕಲ್ಲಿನ ಬೆಂಚಿನ ಮೇಲೆ ಕೂತೆ. ಆಗ ಒಬ್ಬಳು ತನ್ನ ಚೀಲವನ್ನು ನನ್ನ ಪಕ್ಕ ಇಟ್ಟಳು, ಹೇಗೂ ನೀನಿಲ್ಲೇ ಇರುತ್ತೀಯಲ್ಲ ಎಂದು. ಅವಳ ಹಿಂದೆ ಇನ್ನೊಬ್ಬಳು. ಆಸ್ಟ್ರೇಲಿಯಾದವನ ಜಾಕೆಟ್ಟು. ಯಾರದೋ ಟೋಪಿ, ಯಾರದೋ ಹೆಚ್ಚುವರಿ ಬೂಟು. ನೋಡನೋಡುತ್ತಾ ಬೆಂಚು ತುಂಬಿ ನನಗೆ ಕೂರಲು ಜಾಗ ಸಾಲದಾಯಿತು. ನಾನು ತುದಿಗೆ ಸರಿಯುತ್ತಾ ಸರಿಯುತ್ತಾ ಎದ್ದು ನಿಂತೆ.

"ನೋ," ಎಂದೆ. ಯಾಕೋ ಸ್ವಲ್ಪ ಗಟ್ಟಿಯಾಗಿಯೇ ಬಂತು. "ನಾನೂ ತಿರುಗಾಡಲು ಹೋಗುತ್ತಿದ್ದೇನೆ. ನಿಮ್ಮ ಸಾಮಾನು ನೀವೇ ತೆಗೆದುಕೊಂಡು ಹೋಗಿ."

ಜಗಳವಾಗುತ್ತದೆ, ಇಲ್ಲವೆಂದರೆ ಮುಖವಾದರೂ ಊದುತ್ತದೆ ಎಂದು ನಾನು ಕಾದೆ. ಅವರು "ಓ, ಸಾರಿ" ಎಂದು ತಮ್ಮ ತಮ್ಮ ಚೀಲ ಹೆಗಲಿಗೆ ಹಾಕಿಕೊಂಡು, ಕೈಬೀಸಿ ಹೊರಟುಹೋದರು. ಅಷ್ಟೇ. ಇಷ್ಟು ವರ್ಷ ನಾನು ಹೇಳಲು ಹೆದರಿದ ಮಾತಿಗೆ ಇಷ್ಟೇ ಬೆಲೆ!

ಒಂದೆರಡು ಬೀದಿ ದಾಟಿದರೆ ಕಡಲು. ಆಚೆಗೆ ಜಿಬ್ರಾಲ್ಟರಿನ ಬಂಡೆ ಇಡಿಯಾಗಿ ಕಾಣುತ್ತಿತ್ತು. ಹತ್ತಿ ಹೋದವರಿಗಿಂತ ನನಗೇ ಚೆನ್ನಾಗಿ ಕಂಡಿರಬೇಕು. ಮರಳಿನಲ್ಲಿ ಚಪ್ಪಲಿ ಬಿಟ್ಟು, ಜೀನ್ಸ್ ಮಡಿಸಿ ನೀರಿಗಿಳಿದೆ. ಐಸಿನಂಥ ನೀರು. ಎರಡು ಹೆಜ್ಜೆಗೊಮ್ಮೆ ತಿರುಗಿ ಚಪ್ಪಲಿ ಇದೆಯೇ ಎಂದು ನೋಡುತ್ತಿದ್ದೆ. ಆಮೇಲೊಂದು ಅಲೆ ಮೊಣಕಾಲು ದಾಟಿ ಬಂದು ಜೀನ್ಸನ್ನು ಪೂರ್ತಿ ಒದ್ದೆ ಮಾಡಿತು. ನಾನು ಕಿರುಚಿದೆ, ಕೊಂಕಣಿಯಲ್ಲಿ ಕಡಲಿಗೆ ಏನೋ ಬೈದೆ. ಬಳಿಕ ಚಪ್ಪಲಿಯ ನೆನಪೇ ಆಗಲಿಲ್ಲ. ಹೊರಗೆ ಬಂದು ಸಂಜೆಯವರೆಗೆ ಬಟ್ಟೆ ಒಣಗಿಸುತ್ತಾ ಬಿಸಿಲಿನಲ್ಲೇ ಬಿದ್ದುಕೊಂಡೆ. ನನಗೆ ಬಹಳ ಸಂತೋಷವಾಗಿತ್ತು. ಅದನ್ನು ಬೇರೆ ರೀತಿಯಲ್ಲಿ ಹೇಳಲು ನನಗೆ ಬರುವುದಿಲ್ಲ.

ಸಂಜೆ ಬಸ್ಸು ಹತ್ತುವಾಗ ಆಸ್ಟ್ರೇಲಿಯಾದವನು "ದಿನ ಹೇಗಿತ್ತು, ಮಮ್?" ಎಂದ. ನನಗೊಂದು ಹೆಸರಿದೆ ಎಂದೆ. ಹೇಳಿಕೊಟ್ಟೆ. ತಪ್ಪಾಗಿ ಉಚ್ಚರಿಸಿದ, ಮತ್ತೆ ಹೇಳಿಕೊಟ್ಟೆ. ಗ್ರನಾಡಾ ತಲುಪುವಾಗ ಸರಿಯಾಗಿ ಕರೆಯುತ್ತಿದ್ದ.

ಅಲ್ ಖೋರ್‌ಗೆ ಮರಳಿದ ಮರುದಿನ ಕಂಪನಿ ಬಸ್ಸು ಹತ್ತಿದಾಗ ನನ್ನ ಎಡಬದಿಯ ಸೀಟಿನ ಮೇಲೆ ಒಂದು ಕರ್ಚೀಫ್ ಇತ್ತು. ಹಿಂದಿನ ಸೀಟಿನ, ಪುತ್ತೂರಿನವರಾದ ಅಕ್ಕ ಪ್ರತಿ ಬೆಳಿಗ್ಗೆ ಅದನ್ನು ಹಾಸಿ ನನ್ನ ಸೀಟನ್ನು ಕಾಯ್ದಿಟ್ಟಿದ್ದರು. ನನ್ನನ್ನು ನೋಡಿ ಬಾಯಿ ಬಿಟ್ಟರು.

"ಎಂತ ಮಾರಾಯ್ತಿ, ಈ ನಮೂನೆ ಕಪ್ಪಾಗಿದ್ದಿ? ಆ ಊರಲ್ಲಿ ನೆರಳಿಲ್ವಾ?"

"ಉಂಟಕ್ಕ. ನಾನೇ ಕೂರ್ಲಿಲ್ಲ," ಎಂದೆ.

ಶುಕ್ರವಾರ ಪೂಜೆ ಮುಗಿಸಿ ಬಂದು ಅಮ್ಮನಿಗೆ ಫೋನ್ ಮಾಡಿದೆ. ಆ ದಿನ ಫೋನಿಟ್ಟ ಮೇಲೆ ನಾವು ಸರಿಯಾಗಿ ಮಾತಾಡಿರಲಿಲ್ಲ. ಹಬ್ಬ ಚೆನ್ನಾಗಿ ಆಯಿತಂತೆ, ಎಲ್ಲರೂ ನನ್ನನ್ನು ಕೇಳಿದರಂತೆ. ಆಮೇಲೆ ಅವರೇ ಕೇಳಿದರು.

"ಕಡಲು ಸಿಕ್ಕಿತಾ ನಿಂಗೆ?"

"ಸಿಕ್ಕಿತು. ನೀರಿಗೂ ಇಳಿದೆ, ಮೊಣಕಾಲಿನವರೆಗೆ."

"ಒಬ್ಬಳೇಯಾ? ಚಪ್ಪಲಿ ಯಾರು ನೋಡಿಕೊಂಡ್ರು?"

"ಯಾರೂ ಇಲ್ಲ. ಹಾಗೇ ಬಿಟ್ಟು ಹೋದೆ."

ದುಡ್ಡು ಓಡುತ್ತದೆ, ಬೇಗ ಹೇಳು ಎಂದು ಯಾವಾಗಲೂ ಅವಸರ ಮಾಡುವ ಅಮ್ಮ ಆ ದಿನ ತಾವೇ ಮಾತು ಮುಂದುವರಿಸಿದರು.

"ಈ ಕಡಲ ಹತ್ರ ಮದುವೆ ಆಗಿ ಬಂದವಳು ನಾನು," ಎಂದರು. "ಇವತ್ತಿನವರೆಗೆ ಒಂದು ದಿನ ಕಾಲು ಒದ್ದೆ ಮಾಡ್ಲಿಲ್ಲ. ನಿಮ್ಮೆಲ್ಲರ ಬಟ್ಟೆ, ಚಪ್ಪಲಿ ಹಿಡ್ಕೊಂಡು ಕೂತದ್ದೇ ಆಯ್ತು. ನಿನ್ನ ಅಪ್ಪನದ್ದೂ."

ನನಗೆ ಆ ದಡ ಕಾಣಿಸಿತು. ನೀರಿನಿಂದ ಯಾವಾಗ ತಿರುಗಿ ನೋಡಿದರೂ ಅಮ್ಮ ಚಪ್ಪಲಿಗಳ ನಡುವೆ ಸೆರಗು ಹೊದ್ದು ಕೂತಿರುತ್ತಿದ್ದರು. ನಾವು ಕೈಬೀಸಿದರೆ ಅವರೂ ಬೀಸುತ್ತಿದ್ದರು. ಅವರಿಗೆ ಅಲ್ಲಿ ಕೂರುವುದೇ ಇಷ್ಟ ಎಂದು ನಾವೆಲ್ಲ ತಿಳಿದಿದ್ದೆವು.

"ಮುಂದಿನ ಸಲ ಬರುವಾಗ ಪೆಟ್ಟಿಗೆಗಿಟ್ಟಿಗೆ ಕಟ್ಟಬೇಡ," ಎಂದರು ಅಮ್ಮ. "ನಾವಿಬ್ರೇ ಒಂದು ಸಂಜೆ ಹೋಗುವ."

"ಚಪ್ಪಲಿ?" ಎಂದೆ.

"ಬೇಕಾದವರು ಕೊಂಡುಹೋಗ್ಲಿ," ಎಂದರು ಅಮ್ಮ.