ಅರಿಷಿಣದಂಥ ಬೆವರು

ಮೊದಲು ಬದಲಾದದ್ದು ಬೆವರು. ಜಮಖಂಡಿಯ ಚಳಿಗಾಲದ ಬೆಳಗು. ಮನೆಮಂದಿಯೆಲ್ಲ ಶಾಲು ಹೊದ್ದಿದ್ದರು. ನನ್ನ ಕುಪ್ಪಸ ಮಾತ್ರ ಬೆನ್ನಿಗೆ ಅಂಟಿತ್ತು. ಬಿಚ್ಚಿ ನೋಡಿದರೆ ಬಿಳಿ ಬಟ್ಟೆ ಹಳದಿಯಾಗಿತ್ತು.

"ಅರಿಷಿಣ ಛಲೋ ಹಿಡದದ ಬಿಡು," ಎಂದಳು ಅವ್ವ. ಮುಂಬಯಿಯಿಂದ ವರನ ಕಡೆಯವರು ನನ್ನನ್ನು ನೋಡಲು ಬರುವವರಿದ್ದರು. ದಿನಾ ಸ್ನಾನಕ್ಕೆ ಮುಂಚೆ ಅವಳೇ ಅರಿಷಿಣ ತಿಕ್ಕುತ್ತಿದ್ದಳು.

ಅವಳಿಗೆ ಗೊತ್ತಿಲ್ಲದ್ದು ನನ್ನ ಟ್ರಂಕಿನಲ್ಲಿತ್ತು. ಮುಂಬಯಿಯ ಸೋದರತ್ತೆ ಕೊಟ್ಟ ಸ್ಲಿಮಿಂಗ್ ಪಿಲ್ಸ್. "ಅಲ್ಲಿ ಎಲ್ಲಾರೂ ತಗೋತಾರ, ಹಾರ್ಮ್‌ಲೆಸ್," ಎಂದಿದ್ದಳು. ಬೆಳಗಾವಿಯ ಕಾನ್ವೆಂಟಿನಲ್ಲಿ ಇಂಗ್ಲಿಷ್ ಮ್ಯಾಗಝೀನುಗಳ ತೆಳು ಸೊಂಟಗಳನ್ನು ನೋಡಿ ಬಂದವಳು ನಾನು. ನಮ್ಮವರು 'ಮೈತುಂಬಿದ ಹುಡುಗಿ' ಎಂದು ಹೊಗಳಿದಷ್ಟೂ ಕುಗ್ಗುತ್ತಿದ್ದೆ.

ಸೀರೆ ಸಡಿಲವಾಯಿತು. ಹಿಗ್ಗಿದೆ. ದಿನಕ್ಕೆ ಒಂದು ಗುಳಿಗೆ ಹೆಚ್ಚು ಮಾಡಿದೆ.

ಆಮೇಲೆ ಮೈಗೆ ಬೆಂಕಿ ಬಿತ್ತು.

ಅಲುಗಾಡದೆ ಮಲಗಿದ್ದರೂ ಗುಡ್ಡ ಹತ್ತಿದವಳಂತೆ ಏದುಸಿರು. ಟಾಂಗಾದಲ್ಲಿ ಬಂದ ಡಾಕ್ಟರು ಥರ್ಮಾಮೀಟರ್ ಎರಡೆರಡು ಸಲ ನೋಡಿದರು. ತಮ್ಮ ಕರವಸ್ತ್ರದಿಂದ ನನ್ನ ಹಣೆ ಒರೆಸಿ, ಅದನ್ನೇ ದಿಟ್ಟಿಸಿದರು.

"ಇವತ್ತ ಅರಿಷಿಣ ಹಚ್ಚೀರೇನ್ರಿ, ತಾಯಿ?"

"ಇಲ್ರಿ. ಜ್ವರ ಬಂದಾಗಿಂದ ಸ್ನಾನನ ಮಾಡ್ಸಿಲ್ಲ," ಎಂದಳು ಅವ್ವ.

"ಹಂಗಾದ್ರ ಇದು ಒಳಗಿಂದ ಬರಾಕತ್ತೇತಿ. ಏನ್ ನುಂಗೀದಿ, ತಂಗಿ?"

ಟ್ರಂಕು ತೋರಿಸಿದೆ. ಅವರು ಗುಳಿಗೆಯ ಸೀಸೆ ತೆಗೆದು, ತಿರುಗಿಸಿ ನೋಡಿದರು. "ಔಷಧದ ಹೆಸರ ಇಲ್ಲ. ಬರೇ ತೆಳ್ಳನ ಹೆಣ್ಣಿನ ಚಿತ್ರ. ಅಮೆರಿಕಾದಾಗ ಇಂಥಾದ್ದು ತಿಂದು ಮಂದಿ ಸತ್ತ ಮ್ಯಾಲ ಬಂದ್ ಮಾಡ್ಯಾರ. ಇಲ್ಲಿ ಡಾಕ್ಟರ್ ಚೀಟಿ ಇಲ್ದನ ಮಾರತಾರ."

"ಆಂಟಿಡೋಟ್?" ಎಂದೆ.

"ಇದರ ವಿಷಕ್ಕ ಮದ್ದ ಇಲ್ಲವಾ. ಮೈ ತಂಪ ಇಡೂದು, ನೀರ ಕುಡಸೂದು. ಉಳದದ್ದು ನಿನ್ನ ಮೈಗೆ ಬಿಟ್ಟದ್ದು."

ವರನ ಕಡೆಯವರಿಗೆ ಬರಬೇಡಿರೆಂದು ತಂತಿ ಹೋಯಿತು. ಅವ್ವ ಒದ್ದೆ ಧೋತರ ಹೊದಿಸುತ್ತಿದ್ದಳು. ನೋಡನೋಡುತ್ತಲೇ ಅದು ಬೆಚ್ಚಗಾಗುತ್ತಿತ್ತು. ಕಡಲೆಯಷ್ಟು ಗುಳಿಗೆ, ಉಂಡ ಅನ್ನವನ್ನೂ ಮೈಯ ಕಸುವನ್ನೂ ಬರೀ ಶಾಖವಾಗಿಸಿ ಚೆಲ್ಲುತ್ತಿತ್ತು. ಆ ಉರಿಯಲ್ಲೂ ಗುಂಡಿಗೆ ತನ್ನ ಕೆಲಸ ಬಿಡಲಿಲ್ಲ. ನಾನು ನಾಚಿ ಮುಚ್ಚಿಟ್ಟುಕೊಂಡ ಮೈಯೇ ನನಗಾಗಿ ಹೆಣಗುತ್ತಿತ್ತು. ಈ ವಯಸ್ಸಿನಲ್ಲೂ ನೆನೆದರೆ ಬೆರಗಾಗುತ್ತದೆ.

ಜ್ವರ ತಾನಾಗಿ ಇಳಿಯಿತು. ಡಾಕ್ಟರು ಸೀಸೆಯನ್ನು ದೂರಿನ ಕಾಗದದ ಜೊತೆ ಮುಂಬಯಿ ಸರಕಾರಕ್ಕೆ ಕಳಿಸಿದರು. ಉತ್ತರ ಬಂದದ್ದು ಕೇಳಲಿಲ್ಲ.

ಗೋಡೆಗೆ ಒರಗಿಸಿ ಕೂರಿಸಿದಾಗ ಅವ್ವ ನನ್ನ ಮೊಣಕೈ ಎಲುಬು ಮುಟ್ಟಿ ನೋಡಿದಳು. "ತೆಳ್ಳಗ ಆದಿ. ಸಮಾಧಾನ ಆತೇನ?"

"ಹಸಿವಿ ಆಗೇದವಾ," ಎಂದೆ.

ಅವಳು ಒಲೆಯ ಕಡೆಗೆ ಓಡಿದಳು.