ಹಸರು ಲೈಟಿನ ಕೆಳಗಿನ ಸೀರಿ

ಅಂಗಡಿಯ ಆ ಹಸರು ಲೈಟಿನ ಕೆಳಗ ಸಿದ್ದಣ್ಣನ ಕೈ ಬೂಸರು ಬಂದ ರೊಟ್ಟಿಯಂಗ ಕಾಣತಿತ್ತು. ಊಟದ ಡಬ್ಬಿ ಅಲ್ಲಿ ತಗದ್ರ ತುತ್ತು ಒಳಗ ಇಳೀತಿರಲಿಲ್ಲ. ಹಿತ್ತಲಕಡಿ ಪಾವಟಿಗಿ ಮೆಟ್ಟಲ ಮ್ಯಾಲ ಹೋಗಿ ಕೂತು ತಿಂದು ಬರತಿದ್ದ.

ಸೊಲ್ಲಾಪುರದ ಆ ಸೀರಿ ಅಂಗಡಿಯೊಳಗ ಅವ ಮೂವತ್ತೊಂದು ವರ್ಷ ದುಡದಾನ. ಹಳೇ ಮಾಲಕ ಮಲ್ಲಯ್ಯ ಶೇಟ ಇದ್ದಾಗ ಸಿದ್ದಣ್ಣ ಗಾದಿ ಮ್ಯಾಲ ಕೂತು ಸೀರಿ ಬಿಚ್ಚತಿದ್ದ. ಹಸರು ಅಂದ್ರ ಅವಗ ಒಂದ ಹಸರಲ್ಲ. ಗಿಣಿ ಹಸರು ಬ್ಯಾರೆ, ಹೆಸರಕಾಳಿನ ಹಸರು ಬ್ಯಾರೆ, ಎಳೇ ಬಾಳಿ ಎಲಿದು ಮತ್ತೂ ಬ್ಯಾರೆ. ಯಾವ ಅಂಚಿಗೆ ಯಾವ ಮೈ ಕೂಡತೈತಿ, ಯಾವ ಮುಖಕ್ಕ ಯಾವ ಬಣ್ಣ ಒಪ್ಪತೈತಿ ಅನ್ನೂದು ನೋಡಿದ ಕೂಡಲೇ ಹೇಳಾವ. ಒಪ್ಪಲಿಲ್ಲಂದ್ರ ಮಾರತಿರಲಿಲ್ಲ. ಎಲ್ಲಾ ಹೇಳಿ ಮುಗಿಸಿ, ಮಣಕಾಲು ನೋಯತಿದ್ರೂ ಎದ್ದು ಹೊಸ್ತಿಲಕ ಹೋಗಿ, ಸೆರಗು ಬಿಸಿಲಿಗೆ ಹಿಡಿದು ತೋರಿಸಿದ ಮ್ಯಾಲೇ ಮಡಚಿ ಘಡಿ ಮಾಡತಿದ್ದ.

ಶೇಟ ಹೋದ ಮ್ಯಾಲ ಮಗ ಯೋಗಿರಾಜ ಬಂದ. ಹೊಸ್ತಿಲ ಕಿತ್ತಿಸಿ ಕರೀ ಗಾಜಿನ ಬಾಗಲಾ ಕೂಡಿಸಿದ. ಹಸರು ಸೀರಿ ಕಪಾಟಿಗೆ ಹಸರು ಲೈಟು, ಕೆಂಪಿನದಕ್ಕ ಕೆಂಪು. ಬಾಡಿದ ಕೊತ್ತಂಬರಿ ಮಾರಾಕ ಕಾಯಿಪಲ್ಲೆಯವರು ಹಸರು ಬಲ್ಬು ಹಚ್ಚತಾರಲ್ಲ, ಇಲ್ಲೂ ಅದ ಧಂದಾ, ಏಸಿ ಹಾಕಿ. ಬಾಗಲಾ ದಾಟಿ ಮಾಲು ಒಯ್ಯಬಾರದಂತ ಕಾಯ್ದೆ ಬ್ಯಾರೆ. ಸಿದ್ದಣ್ಣ ಒಮ್ಮೆ ಬಾಯಿ ತಗದ. ಯೋಗಿರಾಜ ನಕ್ಕು, “ಗಿರಾಕಿ ಈಗ ಬಣ್ಣ ನೋಡಂಗಿಲ್ಲ ಕಾಕಾ, ಲುಕ್ ನೋಡತಾಳ” ಅಂದ. ಸಿದ್ದಣ್ಣ ಕೈಯಾನ ಸೀರಿ ಅಲ್ಲೇ ಇಟ್ಟು ಮನಿಗೆ ಹೋದ. ಆದ್ರ ಮರುದಿನ ಕೆಲಸಕ್ಕ ಬಂದ.

ಅಕ್ಕಲಕೋಟದ ಕಸ್ತೂರಬಾಯಿ ಇಪ್ಪತ್ತು ವರ್ಷದ ಗಿರಾಕಿ. ಸಿದ್ದಣ್ಣ ಏನು ಕೊಟ್ಟರೂ ಬಿಚ್ಚಿ ನೋಡದ ಒಯ್ಯಾಕಿ. ಸೊಸಿ ರೂಪಾಲಿ ಏಳು ತಿಂಗಳ ಬಸುರಿ, ಸೀಮಂತದ ಕುಬಸಕ್ಕ ಹಸರು ಸೀರಿ ಬೇಕಂತ ಬಂದಳು. ಲಗ್ನದ ಸೀಜನ್ನು, ಅಂಗಡಿ ತುಂಬ ಮಂದಿ. ಅವ ಒಂದು ಸೀರಿ ತಗದ. ಹೊಸಾ ಮಾಲು, ಹಗಲಾಗ ಅವ ಅದನ್ನ ನೋಡಿರಲಿಲ್ಲ. ಹಸರು ಲೈಟಿನಾಗ ಚಂದ ಹೊಳೀತು. ಆದ್ರ ಅವನ ಮನಸ್ಸಿನಾಗ ಏನೋ ಕಡೀತು. ಅಷ್ಟೊತ್ತಿಗೆ ಎಂದೂ ಕೇಳದ ಕಸ್ತೂರಬಾಯಿನೇ, “ಕಣ್ಣಾಗ ಪೊರಿ ಬಂದೈತಪಾ, ಹೊರಗ ಒಯ್ದು ನೋಡೂಣೇನು” ಅಂದಳು. ಗಲ್ಲಾದ ಹಿಂದಿಂದ ಯೋಗಿರಾಜ ಇವರ ಕಡೆ ನೋಡಿದ.

“ಬ್ಯಾಡ್ರಿ ಅಕ್ಕಾರ” ಅಂದ ಸಿದ್ದಣ್ಣ, “ಹಸರ ಐತಿ. ನಾ ಹೇಳತೀನಲ್ಲ.”

ಹದಿನೈದು ದಿನಕ್ಕ ಆಕಿ ತಿರುಗಿ ಬಂದಳು, ಕೈಯಾಗ ಅದ ಚೀಲ. ಸಿಟ್ಟಿಗೆದ್ದಿದ್ರ ಚಲೋ ಇತ್ತು. ಸಣ್ಣ ದನಿಯಾಗ ಎಲ್ಲಾ ಹೇಳಿದಳು. ಮನಿಯೊಳಗ ಮಬ್ಬಿನಾಗ ಉಡಿಸೂ ಮುಂದ ಗೊತ್ತಾಗಿಲ್ಲ. ಅಂಗಳದಾಗ ಹಂದರದ ಕೆಳಗ ಕೂಡಿಸಿದ್ರ ಬೂದಿ ಬಣ್ಣ. ಹಸರು ಬಳಿ ತುಂಬಿದ ಕೈ, ಮೈಮ್ಯಾಲ ಬೂದಿ ಸೀರಿ. ಚೊಚ್ಚಲ ಬಸುರಿಗೆ ಇದೇನು ಉಡಿಸೀರಿ ಅಂತ ಬೀಗತಿ ಎಲ್ಲಾರ ಮುಂದ ಕೇಳಿದಳಂತ. ರೂಪಾಲಿ ಆರತಿ ಬಿಟ್ಟು ಎದ್ದು, ಒಳಗ ಹೋಗಿ ಬಾಗಲಾ ಹಾಕ್ಕೊಂಡಳಂತ.

“ಮಂದಿಗೆ ನನ್ನ ಕಣ್ಣು ಹೋಗ್ಯಾವ ಅಂತ ಹೇಳೀನಿ” ಅಂದಳು ಕಸ್ತೂರಬಾಯಿ. “ನಿನ್ನ ಹೆಸರು ತಗೀಲಿಲ್ಲ.”

 ಇಷ್ಟು ದಿನ ಸಿದ್ದಣ್ಣ ಲೈಟಿಗೆ ಹೇಸತಿದ್ದ, ಯೋಗಿರಾಜನ ನಗಿಗೆ ಹೇಸತಿದ್ದ. ಈಗ ತನ್ನ ನಾಲಿಗೀನೇ ಬಾಯೊಳಗ ಹೊಲಸು ಅನಸ್ತು. ಉಟ್ಟ ಸೀರಿ ವಾಪಸ್ ತಗೊಳಂಗಿಲ್ಲ ಅಂತ ಯೋಗಿರಾಜ ಗಲ್ಲಾದಿಂದ ಹೇಳಿದ. ಅವನ ಮಾತು ಯಾರು ಕೇಳ್ಯಾರ. ಸಿದ್ದಣ್ಣ ಗಿಣಿ ಹಸರಿನದೊಂದು ಸೀರಿ ಎಳಕೊಂಡು, ಗಾಜಿನ ಬಾಗಲಾ ದೂಕಿ, ನಡಬೀದಿಗೆ ಹೋಗಿ ನಿಂತ. ಒಳಗಿಂದ ಕಾಕಾ, ಕಾಕಾ ಅಂತ ಕೂಗು ಬರತಿತ್ತು. ಸೆರಗು ಬಿಚ್ಚಿ ಬಿಸಿಲಿಗೆ ಹಿಡಿದ. ಖರೇ ಹಸರು. ರಿಕ್ಷಾದವರು ಸೈತ ನಿಂತು ನೋಡಿದರು.

“ನೋಡ್ರಿ ಅಕ್ಕಾರ. ಇದರ ರೊಕ್ಕ ನನ್ನ ಪಗಾರದಾಗ ಮುರೀಲಿ. ರೂಪಾಲಿಗೆ ಒಯ್ರಿ.”

ಕಸ್ತೂರಬಾಯಿ ಹತ್ತಿರ ಬಂದು, ಹಣಿಗೆ ಕೈ ಅಡ್ಡ ಹಿಡಿದು, ಎಳಿ ಎಳಿ ನೋಡಿದಳು. ಇಪ್ಪತ್ತು ವರ್ಷದಾಗ ಆಕಿ ಅವನ ಕೈಯಾನ ಸೀರಿ ಹಂಗ ನೋಡಿರಲಿಲ್ಲ.

“ಹಸರ ಐತಿ” ಅಂದಳು. “ಕುಬಸ ಮುಗದೈತಪಾ.”

ಬೂದಿ ಸೀರಿಯ ಚೀಲ ಅವನ ಹೆಗಲಿಗೆ ಹಾಕಿ, ಅಕ್ಕಲಕೋಟದ ಬಸ್ಸು ಹಿಡಿಯಾಕ ಹೋದಳು. ಸಿದ್ದಣ್ಣ ಎರಡೂ ಕೈಯಾಗ ಸೆರಗು ಹಿಡಕೊಂಡು ಬಿಸಿಲಾಗ ನಿಂತಿದ್ದ.