ಹಣೆ ಮುಟ್ಟಿಸುತ್ತಿದ್ದ ಕೆಜಿಯಾ ಅಜ್ಜಿ

ನಮ್ಮ ಬೀದಿಯಲ್ಲಿ ಹುಟ್ಟಿದವರನ್ನೂ ಸತ್ತವರನ್ನೂ ತೊಳೆಯುತ್ತಿದ್ದದ್ದು ಕೆಜಿಯಾ ಟಾಫ್ಟ್ ಅಜ್ಜಿಯ ಕೈ. ಪಿಂಗಾಣಿ ಕಾರ್ಖಾನೆಯ ಗೋಡೆಗೆ ಅಂಟಿಕೊಂಡ ಹದಿನೆಂಟು ಮನೆ, ಎರಡು ಕಕ್ಕಸು, ಒಂದು ನಲ್ಲಿ. ಗಂಡಸರನ್ನು ಮಣ್ಣಿನ ಧೂಳು ಕೊಂದರೆ, ಪಾತ್ರೆಗಳಿಗೆ ಮೆರುಗು ಬಳಿಯುವ ಹೆಂಗಸರನ್ನು ಆ ಮೆರುಗಿನಲ್ಲಿದ್ದ ಸೀಸ ಕೊಲ್ಲುತ್ತಿತ್ತು. ಅಜ್ಜಿಯ ಮಗಳನ್ನೂ ಸೀಸವೇ ತಿಂದಿತು. ಉಳಿದವಳು ಮೊಮ್ಮಗಳು ಲೆಟಿ. ಆರು ವರ್ಷವಾದರೂ ಸದಾ ಬಾಯಲ್ಲಿ ಹೆಬ್ಬೆರಳು.

ಹೆಣ ತೊಳೆದು, ಬಿಳಿ ಅಂಗಿ ತೊಡಿಸಿದ ಮೇಲೆ ಅಜ್ಜಿ ಬೀದಿಯ ಮಕ್ಕಳನ್ನೆಲ್ಲ ಕರೆದು ಒಬ್ಬೊಬ್ಬರಿಂದಲೂ ಅದರ ಹಣೆ ಮುಟ್ಟಿಸುತ್ತಿದ್ದಳು. ಮುಟ್ಟಿದರೆ ಸತ್ತವರು ಕನಸಿಗೆ ಬಂದು ಕಾಡುವುದಿಲ್ಲ. ಚಿಕ್ಕಂದಿನಲ್ಲಿ ನಾನೂ ನನ್ನಪ್ಪನ ಹಣೆ ಮುಟ್ಟಿದವಳೇ.

೧೯೦೯ರ ಅಕ್ಟೋಬರಿನಲ್ಲಿ ಗಂಟಲಮಾರಿ ಬಂತು. ಮೂರು ಮಕ್ಕಳು ಹೋದ ಮೇಲೆ ಜಿಲ್ಲೆಯ ಆರೋಗ್ಯಾಧಿಕಾರಿ ಡಾಕ್ಟರ್ ಪಿಂಡರ್ ಬಂದು ನಲ್ಲಿಯ ಹತ್ತಿರ ನಮ್ಮನ್ನೆಲ್ಲ ನಿಲ್ಲಿಸಿಕೊಂಡರು.

"ಹೆಣದ ಹತ್ರ ಮಕ್ಕಳನ್ನ ಬಿಡ್ಬೇಡಿ. ಮುಟ್ಟಿದ್ರೆ ಅಂಟುತ್ತೆ."

"ಮುಟ್ಟದೆ ಇದ್ರೆ ಮಕ್ಳು ನಿದ್ದೇಲಿ ಬೆಚ್ಚಿಬೀಳ್ತವೆ ಡಾಕ್ಟ್ರೇ," ಎಂದಳು ಅಜ್ಜಿ. "ಆಗ ಜೋಗುಳ ಹಾಡೋಕೆ ನೀವು ಬರ್ತೀರಾ?"

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಇನ್ನೊಂದು ಕಕ್ಕಸು ಕಟ್ಟಿಸಿ ಎಂದರೆ ಕಿವಿಗೆ ಹಾಕಿಕೊಳ್ಳದವರು ಈಗ ನಮ್ಮ ಸಾವಿನಲ್ಲೂ ಮೂಗು ತೂರಿಸಲು ಬಂದರಲ್ಲ ಎಂಬ ಸಿಟ್ಟು ನಮಗೆ. ಆ ನಗು ನೆನೆದರೆ ಈಗ ನನಗೆ ನನ್ನ ಮೇಲೆಯೇ ಹೇಸಿಗೆಯಾಗುತ್ತದೆ.

ಮರುವಾರ ಪಕ್ಕದ ಮನೆಯ ಸೈಲಸ್ ತೀರಿಕೊಂಡ. ಲೆಟಿಯ ಜೊತೆ ಗೋಲಿ ಆಡುತ್ತಿದ್ದ ಪೋರ. ಅವನ ಹೆಣ ಕಂಡು ಲೆಟಿ ಹಿಂದೆ ಹಿಂದೆ ಸರಿದಳು. ಅಜ್ಜಿ ಅವಳನ್ನು ಎತ್ತಿ ಹಿಡಿದಳು.

"ಮುಟ್ಟು ಚಿನ್ನ. ಇಲ್ಲಾಂದ್ರೆ ಕನಸಲ್ಲಿ ಬಂದು ಗೋಲಿ ಕೊಡು ಅಂತಾನೆ ನೋಡು."

ಲೆಟಿ ಹಣೆ ಮುಟ್ಟಿದಳು, ಹೆಬ್ಬೆರಳಿನಿಂದ ಅವನ ತುಟಿಯನ್ನೂ ಸವರಿದಳು. ಕೆಳಗಿಳಿಸಿದ್ದೇ ತಡ, ಅದೇ ಹೆಬ್ಬೆರಳು ಬಾಯಿಗೆ ಹೋಯಿತು. ನಾನು ನೋಡಿದೆ. ಏನೂ ಅನ್ನಲಿಲ್ಲ.

ನಾಲ್ಕನೆಯ ದಿನ ಅವಳ ಗಂಟಲು ಕಟ್ಟಿತು. ಪಿಂಡರ್ ಬಂದು ಸೂಜಿಮದ್ದು ಕೊಟ್ಟರು, ಆದರೆ ಕರೆಯುವುದರಲ್ಲೇ ನಾವು ತಡಮಾಡಿದ್ದೆವು. ಭಾನುವಾರ ಮಧ್ಯಾಹ್ನ ಉಸಿರು ನಿಂತಿತು. ಅಲ್ಲಿಯವರೆಗೂ ಮಗುವಿನ ಕೈ ಹಿಡಿದಿದ್ದ ಅಜ್ಜಿ ಕೆಂಡ ಮುಟ್ಟಿದವಳಂತೆ ಕೈ ಬಿಟ್ಟುಬಿಟ್ಟಳು.

"ನೀನೇ ತೊಳಿಯೇ ಮರ್ಸಿ," ಎಂದಳು ನನಗೆ.

"ಬೀದೀಲಿ ಸತ್ತೋರನ್ನೆಲ್ಲ ತೊಳ್ದವಳು ನೀನು. ಇವಳ ಹಣೆನಾದ್ರೂ ಒಂದ್ಸಲ ಮುಟ್ಟಜ್ಜಿ."

"ಮುಟ್ಟಲ್ಲ." ಎರಡೂ ಕೈಗಳನ್ನು ಏಪ್ರನ್ನಿನೊಳಗೆ ಸುತ್ತಿಕೊಂಡಳು. "ಬರ್ಲಿ. ದಿನಾ ಕನಸಲ್ಲಿ ಬರ್ಲಿ. ನನ್ನ ಬೈಯೋಕಾದ್ರೂ ಬರ್ಲಿ."

ನಾನೇ ತೊಳೆದೆ, ತಲೆ ಬಾಚಿ ಎರಡು ಜಡೆ ಹಾಕಿದೆ. ಅಜ್ಜಿ ಬಾಗಿಲಿಗೆ ಒರಗಿ ನಿಂತೇ ಇದ್ದಳು.

ಆಮೇಲೆ ಅವಳು ಯಾರ ಹೆರಿಗೆಗೂ ಹೋಗಲಿಲ್ಲ, ಯಾರ ಹೆಣವನ್ನೂ ತೊಳೆಯಲಿಲ್ಲ. ಬೆಳಗ್ಗೆ ನಲ್ಲಿಯ ಹತ್ತಿರ ಸಿಕ್ಕಾಗ ಕೇಳುತ್ತಿದ್ದೆ:

"ಬಂದ್ಲಾ ಅಜ್ಜಿ?"

"ಇಲ್ಲ ಕಣೆ."

ಬರಬರುತ್ತಾ ನಾನು ಕೇಳುವುದನ್ನು ಬಿಟ್ಟೆ. ಅವಳೇ ನನ್ನ ಮುಖ ನೋಡಿ ಇಲ್ಲವೆಂದು ತಲೆಯಾಡಿಸುತ್ತಿದ್ದಳು. ಹೀಗೆ ಮೂರು ವರ್ಷ ಕಾದು, ಒಂದು ಫೆಬ್ರವರಿಯಲ್ಲಿ ಎದೆ ಕಟ್ಟಿ ಹೋದಳು.

ಲೆಟಿಯನ್ನು ಮುಟ್ಟಿದವಳು, ತೊಳೆದವಳು ನಾನು. ಆದರೂ ಅವಳು ಬರುವುದು ನನ್ನ ಕನಸಿಗೆ. ಅವಳನ್ನು ಮಣ್ಣು ಮಾಡಿದ ವಾರದಿಂದಲೇ ಬರತೊಡಗಿದಳು. ಬಾಯಲ್ಲಿ ಹೆಬ್ಬೆರಳಿಟ್ಟುಕೊಂಡು ಬಾಗಿಲಲ್ಲಿ ನಿಂತು, ಅಜ್ಜಿ ಎಲ್ಲಿ ಎಂದು ಕೇಳುತ್ತಾಳೆ. ಆ ಮೂರು ವರ್ಷದಲ್ಲಿ ಇದನ್ನು ಅಜ್ಜಿಗೆ ಹೇಳಲು ನನಗೆ ಒಂದು ದಿನವೂ ಬಾಯಿ ಬರಲಿಲ್ಲ.